ಕಾರಿನ ಬ್ಲೂಟೂತ್‌ಗೆ ಮೊಬೈಲ್ ಜೋಡಿಸುವುದು: ಹೊರಡುವ ಮೊದಲೇ ಮುಗಿಸಬೇಕಾದ ಅರ್ಧ ಗಂಟೆಯ ಕೆಲಸ

ತುಮಕೂರಿನಿಂದ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಬರುವವರು ನಮ್ಮ ಬೀದಿಯೊಂದರಲ್ಲೇ ಆರು ಮಂದಿ ಇದ್ದಾರೆ. ಸುಮಾರು 70 ಕಿಲೋಮೀಟರ್ ದಾರಿ. ಕ್ಯಾತ್ಸಂದ್ರದ ಟೋಲ್ ದಾಟುವಷ್ಟರಲ್ಲಿ ಒಂದು ಕರೆ ಬರುತ್ತದೆ, ದಾಬಸ್‌ಪೇಟೆಯ ಹತ್ತಿರ ಇನ್ನೊಂದು, ನೆಲಮಂಗಲದ ದಟ್ಟಣೆಯಲ್ಲಿ ಮತ್ತೊಂದು. ಆರು ಕಾರುಗಳಲ್ಲಿ ಐದಕ್ಕೆ ಬ್ಲೂಟೂತ್ ಇದೆ. ಆದರೂ ಅವರಲ್ಲಿ ಮೂವರು ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಮಾತನಾಡುತ್ತಿದ್ದರು. ಕೇಳಿದರೆ ಮೂವರದೂ ಒಂದೇ ಉತ್ತರ: ‘ಜೋಡಿಸಿ ನೋಡಿದೆ, ಯಾಕೋ ಸರಿಬರಲಿಲ್ಲ, ಬಿಟ್ಟುಬಿಟ್ಟೆ.’

ಆ ‘ಸರಿಬರಲಿಲ್ಲ’ ಎನ್ನುವ ಮಾತಿನೊಳಗೆ ಏನಿದೆ ಎಂದು ಒಂದೊಂದೇ ಕಾರಿನಲ್ಲಿ ಕುಳಿತು ನೋಡಿದೆ. ಕಾರು ಕೆಟ್ಟಿರಲಿಲ್ಲ, ಮೊಬೈಲೂ ಕೆಟ್ಟಿರಲಿಲ್ಲ. ಜೋಡಣೆ ಅರ್ಧಕ್ಕೆ ನಿಂತಿತ್ತು. ಮೊದಲ ಬಾರಿ ಅವಸರದಲ್ಲಿ, ಎಂಜಿನ್ ಶುರು ಮಾಡಿಕೊಂಡು, ಯಾರೋ ಕಾಯುತ್ತಿರುವಾಗ ಮಾಡಿದ ಕೆಲಸ ಅದು. ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕಾರು ನಿಲ್ಲಿಸಿಕೊಂಡು ಅರ್ಧ ಗಂಟೆ ಕೊಟ್ಟರೆ ವರ್ಷಗಟ್ಟಲೆ ಮತ್ತೆ ಅದರ ಗೋಜಿಗೆ ಹೋಗಬೇಕಾಗಿಲ್ಲ.

ಒಂದೇ ಗುರುತು, ಒಳಗೆ ಹಲವು ದಾರಿ

ಮೊದಲು ಒಂದು ವಿಷಯ ಮನಸ್ಸಿನಲ್ಲಿ ಕೂರಬೇಕು. ಇದು ತಿಳಿದರೆ ಮುಂದಿನದೆಲ್ಲ ಸುಲಭ. ಮೊಬೈಲಿನ ಪರದೆಯಲ್ಲಿ ಬ್ಲೂಟೂತ್ ಎಂಬುದು ಒಂದೇ ಗುಂಡಿಯಂತೆ ಕಾಣುತ್ತದೆ. ಒಳಗೆ ಅದು ಹಲವು ಬೇರೆ ಬೇರೆ ಸಂಪರ್ಕಗಳ ಕಟ್ಟು. ಕರೆಯ ಮಾತು ಹೋಗಿ ಬರುವುದು ಎಚ್‌ಎಫ್‌ಪಿ ಎಂಬ ದಾರಿಯಲ್ಲಿ. ಹಾಡು ಬರುವುದು ಎ2ಡಿಪಿ ಎಂಬ ಇನ್ನೊಂದು ದಾರಿಯಲ್ಲಿ. ಸ್ಟೀರಿಂಗ್ ಮೇಲಿನ ಗುಂಡಿ ಒತ್ತಿ ಮುಂದಿನ ಹಾಡಿಗೆ ಹೋಗುವುದಕ್ಕೆ ಎವಿಆರ್‌ಸಿಪಿ, ಮೊಬೈಲಿನ ಹೆಸರುಗಳ ಪಟ್ಟಿ ಕಾರಿನ ಪರದೆಗೆ ಬರುವುದಕ್ಕೆ ಪಿಬಿಎಪಿ, ಸಂದೇಶಗಳಿಗೆ ಎಂಎಪಿ. ಈ ಅಕ್ಷರಗಳನ್ನು ನೆನಪಿಡಬೇಕಾಗಿಲ್ಲ. ಮನೆಗೆ ನಲ್ಲಿ ನೀರು, ಕರೆಂಟು, ಗ್ಯಾಸು ಬೇರೆ ಬೇರೆಯಾಗಿ ಬರುತ್ತವಲ್ಲ, ಹಾಗೆ ಎಂದುಕೊಂಡರೆ ಸಾಕು. ಕರೆಂಟು ಹೋದಾಗ ನಲ್ಲಿಯಲ್ಲಿ ನೀರು ಬರುತ್ತಲೇ ಇರಬಹುದು.

ಆದ್ದರಿಂದ ಪರದೆಯ ಮೇಲೆ ‘ಸಂಪರ್ಕಗೊಂಡಿದೆ’ ಎಂದು ಕಂಡ ಮಾತ್ರಕ್ಕೆ ಎಲ್ಲವೂ ಸಂಪರ್ಕಗೊಂಡಿದೆ ಎಂದು ಅರ್ಥವಲ್ಲ. ನಾನು ಯಾವ ಕಾರಿನಲ್ಲಿ ಕುಳಿತರೂ ಮೂರು ಪ್ರಶ್ನೆ ಕೇಳುತ್ತೇನೆ. ಕರೆ ಕಾರಿನಲ್ಲಿ ಕೇಳಿಸುತ್ತದೆಯೇ? ಹಾಡು ಕೇಳಿಸುತ್ತದೆಯೇ? ಕರೆ ಮಾಡಿದವರ ಹೆಸರು ಪರದೆಯಲ್ಲಿ ಕಾಣುತ್ತದೆಯೇ? ಈ ಮೂರರಲ್ಲಿ ಯಾವುದಕ್ಕೆ ‘ಇಲ್ಲ’ ಎಂಬ ಉತ್ತರ ಬರುತ್ತದೋ ಆ ಒಂದು ದಾರಿಯನ್ನು ಮಾತ್ರ ಸರಿಪಡಿಸಿದರೆ ಆಯಿತು.

ಜೋಡಿಸುವುದು

ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ಸ್ಟೀರಿಯೊ ಹೊತ್ತಿಕೊಳ್ಳುವಷ್ಟು ತಿರುಗಿಸಿ. ಅನೇಕ ಕಾರುಗಳು ಚಲಿಸುತ್ತಿರುವಾಗ ಜೋಡಣೆಯ ಮೆನುವನ್ನೇ ತೆರೆಯಗೊಡುವುದಿಲ್ಲ. ಅದು ಕಾರಿನ ದೋಷವಲ್ಲ, ಬೇಕೆಂದೇ ಹಾಕಿರುವ ಬೀಗ.

ಈಗ ಕಾರಿನ ಪರದೆಯಲ್ಲಿ ಫೋನ್ ಅಥವಾ ಬ್ಲೂಟೂತ್ ವಿಭಾಗಕ್ಕೆ ಹೋಗಿ, ಹೊಸ ಸಾಧನ ಸೇರಿಸುವ ಆಯ್ಕೆಯನ್ನು ಒತ್ತಿ. ಸ್ಪರ್ಶ ಪರದೆ ಇಲ್ಲದ ಹಳೆಯ ಸ್ಟೀರಿಯೊಗಳಲ್ಲಿ ಫೋನ್ ಚಿತ್ರವಿರುವ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕಾಗಬಹುದು. ಆಮೇಲೆ ಮೊಬೈಲಿನ ಸೆಟ್ಟಿಂಗ್‌ನಲ್ಲಿ ಬ್ಲೂಟೂತ್ ಪುಟವನ್ನು ತೆರೆದು, ಆ ಪುಟವನ್ನು ತೆರೆದೇ ಇಡಿ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಬ್ಲೂಟೂತ್ ಆನ್ ಮಾಡಿ ಪುಟ ಮುಚ್ಚಿಬಿಟ್ಟರೆ ಮೊಬೈಲು ಹೊಸ ಸಾಧನಗಳ ಕಣ್ಣಿಗೆ ಬೀಳುವುದಿಲ್ಲ. ಆ ಪುಟ ಎದುರಿಗಿರುವಷ್ಟು ಹೊತ್ತು ಮಾತ್ರ ಅದು ತನ್ನ ಹೆಸರನ್ನು ಸುತ್ತಲಿನವರಿಗೆ ಹೇಳುತ್ತಿರುತ್ತದೆ. ‘ಕಾರಿಗೆ ನನ್ನ ಫೋನೇ ಕಾಣುತ್ತಿಲ್ಲ’ ಎಂಬ ದೂರು ಬಹುಪಾಲು ಇಷ್ಟರಿಂದಲೇ ಪರಿಹಾರವಾಗುತ್ತದೆ.

ಎರಡೂ ಕಡೆ ಆರು ಅಂಕಿಯ ಒಂದು ಸಂಖ್ಯೆ ಮೂಡುತ್ತದೆ. ಎರಡನ್ನೂ ಹೋಲಿಸಿ ನೋಡಿ, ಒಂದೇ ಆಗಿದ್ದರೆ ಎರಡೂ ಕಡೆ ಒಪ್ಪಿಗೆ ಕೊಡಿ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಪಕ್ಕದ ಕಾರಿನವರೂ ಇದೇ ಹೊತ್ತಿನಲ್ಲಿ ಜೋಡಿಸುತ್ತಿದ್ದರೆ ತಪ್ಪು ಕಾರಿಗೆ ಹೋಗದಂತೆ ಕಾಯುವುದೇ ಆ ಸಂಖ್ಯೆಯ ಕೆಲಸ. ತೀರಾ ಹಳೆಯ ಸ್ಟೀರಿಯೊ ಆದರೆ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ ಕೇಳುತ್ತದೆ. ಸಾಮಾನ್ಯವಾಗಿ ಅದು 0000 ಅಥವಾ 1234 ಆಗಿರುತ್ತದೆ.

ಮುಂದಿನ ಹತ್ತು ಸೆಕೆಂಡಿನಲ್ಲಿ ಮೊಬೈಲು ಒಂದೆರಡು ಅನುಮತಿ ಕೇಳುತ್ತದೆ: ಸಂಪರ್ಕಗಳನ್ನೂ ಕರೆಯ ಇತಿಹಾಸವನ್ನೂ ಈ ಕಾರಿನೊಂದಿಗೆ ಹಂಚಿಕೊಳ್ಳಲೇ, ಸಂದೇಶ ತೋರಿಸಲೇ ಎಂದು. ನಿಮ್ಮದೇ ಕಾರಾದರೆ ಸಂಪರ್ಕಗಳಿಗೆ ಒಪ್ಪಿಗೆ ಕೊಡಿ. ಇಲ್ಲದಿದ್ದರೆ ಯಾರು ಕರೆ ಮಾಡಿದರೂ ಬರೀ ಅಂಕಿಗಳು ಕಾಣುತ್ತವೆ, ಯಾರಿರಬಹುದು ಎಂದು ನೋಡಲು ಕೈ ಮತ್ತೆ ಮೊಬೈಲಿನ ಕಡೆಗೇ ಹೋಗುತ್ತದೆ. ಬಾಡಿಗೆ ಕಾರು ಅಥವಾ ಸ್ನೇಹಿತರ ಕಾರಾದರೆ ಖಂಡಿತ ಬೇಡ ಎನ್ನಿ.

ಅವಸರದಲ್ಲಿ ಆ ಪ್ರಶ್ನೆ ಮಾಯವಾಗಿಬಿಟ್ಟಿದ್ದರೆ ಚಿಂತೆಯಿಲ್ಲ. ಆ್ಯಂಡ್ರಾಯ್ಡ್ ಮೊಬೈಲಿನಲ್ಲಿ ಜೋಡಣೆಯಾದ ಕಾರಿನ ಹೆಸರಿನ ಪಕ್ಕದ ಚಕ್ರದ ಗುರುತನ್ನು ಒತ್ತಿ. ಅಲ್ಲಿ ಕರೆಗಳು, ಮಾಧ್ಯಮದ ಧ್ವನಿ, ಸಂಪರ್ಕ ಹಂಚಿಕೆ ಎಂದು ಮೂರು ಬೇರೆ ಬೇರೆ ಸ್ವಿಚ್‌ಗಳಿರುತ್ತವೆ. ನಾನು ಹೇಳಿದ ಮೂರು ಪ್ರಶ್ನೆಗಳಿಗೆ ಮೂರು ಸ್ವಿಚ್. ಐಫೋನಿನಲ್ಲಿ ಹೆಸರಿನ ಪಕ್ಕದ ‘ಐ’ ಗುರುತನ್ನು ಒತ್ತಿದರೆ ಸಂಪರ್ಕಗಳನ್ನು ಹಂಚುವ ಸ್ವಿಚ್ಚೂ ಸಾಧನದ ಬಗೆಯನ್ನು ಕಾರಿನ ಸ್ಟೀರಿಯೊ ಎಂದು ಗುರುತಿಸುವ ಆಯ್ಕೆಯೂ ಸಿಗುತ್ತವೆ.

ಕನ್ನಡದಲ್ಲಿ ಉಳಿಸಿಕೊಂಡ ಹೆಸರುಗಳು

ಇದು ನಮ್ಮ ಭಾಷೆಯವರಿಗೇ ಎದುರಾಗುವ ತೊಂದರೆ. ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ನಮ್ಮ ತಾಯಿಯ ಮೊಬೈಲಿನಲ್ಲಿ ಎಲ್ಲ ಹೆಸರುಗಳೂ ಕನ್ನಡ ಲಿಪಿಯಲ್ಲಿವೆ. ಆ ಮೊಬೈಲನ್ನು ಕಾರಿಗೆ ಜೋಡಿಸಿದ ದಿನ ಪರದೆಯ ಮೇಲೆ ಸಾಲು ಸಾಲಾಗಿ ಖಾಲಿ ಚೌಕಗಳು ಮೂಡಿದವು. ತಮ್ಮ ಯಾರು, ಗುಬ್ಬಿಯ ಚಿಕ್ಕಮ್ಮ ಯಾರು ಒಂದೂ ತಿಳಿಯಲಿಲ್ಲ. ಅನೇಕ ಸ್ಟೀರಿಯೊಗಳ ಒಳಗೆ ಕನ್ನಡದ ಅಕ್ಷರಗಳನ್ನೇ ಹಾಕಿರುವುದಿಲ್ಲ, ಆದ್ದರಿಂದ ಚೌಕ ಅಥವಾ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಹೆಸರಿಲ್ಲದ ಕರೆಯೆಂದು ನೀವು ಎತ್ತದೇ ಬಿಟ್ಟದ್ದು ಮನೆಯವರ ಕರೆಯೇ ಆಗಿರಬಹುದು.

ಕಾರು ತಯಾರಿಸುವವರು ಕನ್ನಡದ ಅಕ್ಷರಗಳನ್ನು ಹಾಕಲೇಬೇಕು, ಕೇಳುವ ಹಕ್ಕು ನಮಗಿದೆ, ಸರ್ವಿಸ್‌ಗೆ ಬಿಟ್ಟಾಗ ಕೇಳಿ. ಅಲ್ಲಿಯವರೆಗೆ ಒಂದು ಉಪಾಯವಿದೆ. ಇಡೀ ಪಟ್ಟಿಯನ್ನು ಬದಲಿಸಬೇಡಿ. ದಾರಿಯಲ್ಲಿ ತಪ್ಪದೇ ಎತ್ತಬೇಕಾದ ಹತ್ತು ಹನ್ನೆರಡು ಮಂದಿಯ ಹೆಸರಿನ ಮುಂದೆ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆದುಕೊಳ್ಳಿ. ಅಮ್ಮ, ಮನೆ, ಮಗಳ ಶಾಲೆ, ಡಾಕ್ಟರು, ಅಷ್ಟು ಸಾಕು. ಬದಲಿಸಿದ ಮೇಲೆ ಕಾರಿನ ಪರದೆಯಲ್ಲಿ ಸಂಪರ್ಕಗಳನ್ನು ಮತ್ತೆ ತರಿಸಿಕೊಳ್ಳುವ ಆಯ್ಕೆ ಒತ್ತಬೇಕು, ಇಲ್ಲವಾದರೆ ಹಳೆಯ ಪಟ್ಟಿಯೇ ಉಳಿದಿರುತ್ತದೆ.

ಇದರಿಂದ ಇನ್ನೊಂದು ಲಾಭವೂ ಇದೆ. ಸ್ಟೀರಿಂಗ್ ಮೇಲಿನ ಮಾತಿನ ಗುಂಡಿಯನ್ನು ಒತ್ತಿ ‘ಕಾಲ್ ಅಮ್ಮ’ ಎಂದರೆ ಕಾರಿನ ಸ್ವಂತ ಧ್ವನಿ ವ್ಯವಸ್ಥೆಗೂ ಅದು ಅರ್ಥವಾಗುವ ಸಾಧ್ಯತೆ ಹೆಚ್ಚುತ್ತದೆ. ಅನೇಕ ಕಾರುಗಳಲ್ಲಿ ಆ ಗುಂಡಿಯನ್ನು ಉದ್ದಕ್ಕೆ ಒತ್ತಿ ಹಿಡಿದರೆ ಕಾರಿನದಲ್ಲ, ಮೊಬೈಲಿನ ಧ್ವನಿ ಸಹಾಯಕ ಎಚ್ಚರಗೊಳ್ಳುತ್ತದೆ. ಎರಡನ್ನೂ ಪರೀಕ್ಷಿಸಿ, ನಿಮ್ಮ ಉಚ್ಚಾರಣೆಗೆ ಒಗ್ಗುವುದನ್ನು ಇಟ್ಟುಕೊಳ್ಳಿ.

ಮಾತು ಸ್ಪಷ್ಟವಾಗಿ ಕೇಳಿಸಲು

ಜೋಡಿಸಿದ ಮೇಲೆ ನಿಂತ ಕಾರಿನಲ್ಲೇ ಮನೆಯವರಿಗೆ ಒಂದು ಕರೆ ಮಾಡಿ, ಎರಡು ನಿಮಿಷ ಮಾತನಾಡಿ. ಕರೆಯ ಧ್ವನಿಯ ಮಟ್ಟ ಬೇರೆ, ಹಾಡಿನ ಧ್ವನಿಯ ಮಟ್ಟ ಬೇರೆ. ಕರೆಯದನ್ನು ಕರೆ ನಡೆಯುತ್ತಿರುವಾಗಲೇ ತಿರುಗಿಸಿ ಹೊಂದಿಸಬೇಕು. ಇದು ಗೊತ್ತಿಲ್ಲದೆ ಹಾಡನ್ನು ಜೋರು ಮಾಡಿಟ್ಟು ‘ಕರೆ ಮಾತ್ರ ಸಣ್ಣಗೆ ಕೇಳುತ್ತದೆ’ ಎಂದು ಬೇಸರಪಟ್ಟವರು ಹಲವರಿದ್ದಾರೆ.

ಆ ಕಡೆಯವರು ‘ಗಾಳಿ ಸದ್ದು, ಏನೂ ತಿಳಿಯುತ್ತಿಲ್ಲ’ ಎಂದರೆ ಮೈಕ್ ಎಲ್ಲಿದೆ ಎಂದು ಹುಡುಕಿ. ಕಾರಿನ ಮೈಕ್ ಹೆಚ್ಚಾಗಿ ಮೇಲ್ಛಾವಣಿಯ ಒಳದೀಪದ ಹತ್ತಿರ ಸಣ್ಣ ಸಣ್ಣ ತೂತುಗಳ ಹಿಂದೆ ಇರುತ್ತದೆ. ಹೊರಗಿನಿಂದ ಹಾಕಿಸಿದ ಸ್ಟೀರಿಯೊ ಆದರೆ ಅದರ ಮುಖದ ಮೇಲೆ ಸೂಜಿಮೊನೆಯಷ್ಟು ತೂತು ಇರುತ್ತದೆ, ಇಲ್ಲವೇ ತಂತಿಯ ತುದಿಯಲ್ಲಿ ಪುಟ್ಟ ಮೈಕ್ ಒಂದನ್ನು ಎಲ್ಲಾದರೂ ಸಿಕ್ಕಿಸಿರುತ್ತಾರೆ. ಒಬ್ಬರ ಕಾರಿನಲ್ಲಿ ಆ ತಂತಿಯ ಮೈಕನ್ನು ಹಾಕಿದವರು ಡ್ಯಾಶ್‌ಬೋರ್ಡಿನ ಒಳಗೇ ಬಿಟ್ಟಿದ್ದರು. ಅದನ್ನು ಹೊರಗೆಳೆದು ಸ್ಟೀರಿಂಗ್ ಹಿಂದಿನ ಕಂಬಕ್ಕೆ ಸಿಕ್ಕಿಸಿದ ಮೇಲೆ ಎರಡು ವರ್ಷದ ದೂರು ಒಂದೇ ಕರೆಯಲ್ಲಿ ಮುಗಿಯಿತು. ಎಸಿಯ ಗಾಳಿ ನೇರವಾಗಿ ಮೈಕಿನ ಕಡೆಗೆ ಬೀಸದಂತೆ ಕಿಂಡಿಯನ್ನು ತುಸು ಕೆಳಕ್ಕೆ ತಿರುಗಿಸಿ. ಹೆದ್ದಾರಿಯಲ್ಲಿ ಕಿಟಕಿ ಏರಿಸಿಕೊಳ್ಳಿ.

ಇನ್ನೊಂದು ಮಾತು. ಕಾರಿನ ಸ್ಪೀಕರ್‌ನಲ್ಲಿ ಬರುವ ಕರೆ ಒಳಗಿರುವ ಎಲ್ಲರಿಗೂ ಕೇಳುತ್ತದೆ. ಕರೆ ಎತ್ತಿದ ಕೂಡಲೇ ‘ಕಾರಿನಲ್ಲಿದ್ದೇನೆ, ಜೊತೆಗೆ ಇನ್ನೂ ಇಬ್ಬರಿದ್ದಾರೆ’ ಎಂದುಬಿಡಿ. ಆ ಕಡೆಯವರು ತಮ್ಮ ಕಷ್ಟವನ್ನೋ ಸಾಲದ ವಿಷಯವನ್ನೋ ತೆಗೆಯುವ ಮೊದಲೇ ಎಚ್ಚರಗೊಳ್ಳುತ್ತಾರೆ. ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶವೂ ಹಾಡಿನ ದಾರಿಯಲ್ಲೇ ಬಂದು ನಾಲ್ಕೂ ಸ್ಪೀಕರ್‌ಗಳಲ್ಲಿ ಕೇಳಿಸುತ್ತದೆ ಎಂಬುದನ್ನು ಮರೆಯಬೇಡಿ.

ಕಾನೂನಿನ ಮಾತನ್ನೂ ಇಲ್ಲೇ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಚಾಲನೆ ಮಾಡುತ್ತಾ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದು 184ನೇ ಸೆಕ್ಷನ್ನಿನ ಅಡಿಯಲ್ಲಿ ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿದೆ. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಬ್ಲೂಟೂತ್ ಇದ್ದರೂ ಹೆಸರು ಹುಡುಕಲು ಮೊಬೈಲನ್ನು ಕೈಗೆತ್ತಿಕೊಂಡರೆ ಕೈಯಲ್ಲಿ ಹಿಡಿದಂತೆಯೇ. ದಂಡಕ್ಕಿಂತ ದೊಡ್ಡದು ಹೆದ್ದಾರಿಯ ಕಾಮಗಾರಿ ನಡೆಯುವ ಜಾಗಗಳಲ್ಲಿ ಏಕಾಏಕಿ ಬರುವ ತಿರುವು. ಅಂಥ ಕಡೆ ಬ್ಲೂಟೂತ್ ಕರೆಯನ್ನೂ ನಾನು ಎತ್ತುವುದಿಲ್ಲ. ಬದಿಗೆ ನಿಲ್ಲಿಸಿ ಮರಳಿ ಮಾಡುತ್ತೇನೆ.

ಹಾಡು ಮತ್ತು ದಾರಿ ತೋರುವ ಧ್ವನಿ

ಹಾಡಿಗೆ ಸ್ಟೀರಿಯೊದ ಧ್ವನಿಯ ಮೂಲವನ್ನು (ಸೋರ್ಸ್) ರೇಡಿಯೊದಿಂದ ಬ್ಲೂಟೂತ್‌ಗೆ ಬದಲಿಸಬೇಕು. ಇಷ್ಟು ಸಣ್ಣ ವಿಷಯ ಎನ್ನಬೇಡಿ, ‘ಕರೆ ಬರುತ್ತದೆ, ಹಾಡು ಬರುವುದಿಲ್ಲ’ ಎಂಬ ದೂರಿಗೆ ಮೊದಲ ಕಾರಣ ಇದೇ. ಎರಡನೆಯದು ಮೇಲೆ ಹೇಳಿದ ಮಾಧ್ಯಮದ ಸ್ವಿಚ್ ಆಫ್ ಆಗಿರುವುದು.

ಧ್ವನಿ ಸಣ್ಣಗಿದ್ದರೆ ಮೊಬೈಲಿನ ಮಟ್ಟವನ್ನು ಮುಕ್ಕಾಲಿಗಿಂತ ಮೇಲೇರಿಸಿ, ಉಳಿದದ್ದನ್ನು ಕಾರಿನ ಗುಂಡಿಯಿಂದ ಹೊಂದಿಸಿ. ಮೊಬೈಲನ್ನು ಸಣ್ಣಗಿಟ್ಟು ಕಾರನ್ನು ಪೂರ್ತಿ ಏರಿಸಿದರೆ ಹಾಡಿನ ಹಿಂದೆ ಗುಂಯ್ ಎಂಬ ಸದ್ದೂ ಏರುತ್ತದೆ. ಬ್ಲೂಟೂತ್ ಹಾಕಿದರೆ ಡೇಟಾ ಖರ್ಚಾಗುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಇಲ್ಲ. ಮೊಬೈಲಿನಿಂದ ಕಾರಿಗೆ ಹೋಗುವ ರೇಡಿಯೊ ಅಲೆಗೂ ನಿಮ್ಮ ಇಂಟರ್ನೆಟ್ಟಿಗೂ ಸಂಬಂಧವಿಲ್ಲ. ಹಾಡನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತಿದ್ದರೆ ಅದಕ್ಕೆ ಮಾತ್ರ ಖರ್ಚು. ದೇವರಾಯನದುರ್ಗದ ಕಾಡಿನ ದಾರಿಯಲ್ಲಿ ಸಿಗ್ನಲ್ ಕೈಕೊಟ್ಟು ಹಾಡು ನಿಂತರೆ ಬ್ಲೂಟೂತನ್ನು ಬೈಯಬೇಡಿ. ಹಾಡನ್ನೂ ನಕ್ಷೆಯನ್ನೂ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ.

ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಾಡು ತಾನಾಗಿ ನಿಲ್ಲುತ್ತಿದ್ದರೆ ಅದು ಮೊಬೈಲಿನ ಬ್ಯಾಟರಿ ಉಳಿತಾಯದ ಕೆಲಸ. ಸೆಟ್ಟಿಂಗ್‌ನಲ್ಲಿ ಆ ಹಾಡಿನ ಆ್ಯಪ್‌ಗೆ ಬ್ಯಾಟರಿಯ ನಿರ್ಬಂಧವನ್ನು ತೆಗೆದುಹಾಕಿ.

ಗೂಗಲ್ ಮ್ಯಾಪ್‌ನ ಧ್ವನಿಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ನಮ್ಮ ತಂದೆಗೆ ಅದನ್ನು ಮಾಡಿಕೊಟ್ಟ ಮೇಲೆ ಪರದೆಯ ಕಡೆ ಕಣ್ಣು ಹೊರಳಿಸುವುದನ್ನೇ ಬಿಟ್ಟರು. ಆದರೆ ಕಾರಿನಲ್ಲಿ ಎಫ್‌ಎಂ ಕೇಳುತ್ತಿದ್ದರೆ ಮ್ಯಾಪ್‌ನ ಧ್ವನಿ ಬರುವುದಿಲ್ಲ. ಕಾರಿನ ಕಿವಿ ರೇಡಿಯೊ ಕಡೆಗಿರುವಾಗ ಬ್ಲೂಟೂತ್ ಹಾಡಿನ ದಾರಿಯಲ್ಲಿ ಬಂದದ್ದು ಅದಕ್ಕೆ ಕೇಳುವುದಿಲ್ಲ. ಮ್ಯಾಪ್‌ನ ನ್ಯಾವಿಗೇಶನ್ ಸೆಟ್ಟಿಂಗ್‌ನಲ್ಲಿ ಧ್ವನಿಯನ್ನು ಫೋನ್ ಕರೆಯಂತೆ ನುಡಿಸುವ ಆಯ್ಕೆ ಕಂಡರೆ ಅದನ್ನು ಆನ್ ಮಾಡಿ. ಆಗ ಪ್ರತಿ ತಿರುವಿನ ಸೂಚನೆಯೂ ಕರೆಯ ದಾರಿಯಲ್ಲಿ ಬಂದು, ರೇಡಿಯೊವನ್ನು ಒಂದು ಕ್ಷಣ ತಡೆದು, ಹೇಳಬೇಕಾದ್ದನ್ನು ಹೇಳಿ ಹೋಗುತ್ತದೆ.

ಎರಡು ಮೊಬೈಲ್, ಒಂದು ಕಾರು

ಗಂಡ ಹೆಂಡತಿ ಇಬ್ಬರ ಮೊಬೈಲೂ ಒಂದೇ ಕಾರಿಗೆ ಜೋಡಣೆಯಾಗಿರುವ ಮನೆಗಳಲ್ಲಿ ಹೀಗಾಗುತ್ತದೆ. ಬೆಳಿಗ್ಗೆ ಗಂಡ ಮನೆಯ ಮುಂದೆ ಕಾರು ಶುರು ಮಾಡುತ್ತಾರೆ. ಒಳಗೆ ಅಡುಗೆಮನೆಯಲ್ಲಿ ಹೆಂಡತಿ ತವರಿಗೆ ಕರೆ ಮಾಡಿ ಮಾತನಾಡುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಅವರ ಮೊಬೈಲಿನಲ್ಲಿ ಸದ್ದಿಲ್ಲ, ಅವರ ತಾಯಿಯ ಮಾತು ಬೀದಿಯಲ್ಲಿ ನಿಂತ ಕಾರಿನೊಳಗೆ! ಬ್ಲೂಟೂತ್ ಸುಮಾರು ಹತ್ತು ಮೀಟರ್‌ವರೆಗೆ ಸಲೀಸಾಗಿ ತಲುಪುತ್ತದೆ, ನಡುವೆ ಒಂದು ಗೋಡೆ ಇದ್ದರೂ ಎಷ್ಟೋ ಸಲ ತಲುಪಿಬಿಡುತ್ತದೆ.

ಕಾರಿನ ಸಾಧನಗಳ ಪಟ್ಟಿಯಲ್ಲಿ ಮೊದಲ ಆದ್ಯತೆ ಯಾರಿಗೆ ಎಂದು ಗುರುತಿಸುವ ಆಯ್ಕೆ ಇದ್ದರೆ ದಿನವೂ ಕಾರು ಓಡಿಸುವವರ ಮೊಬೈಲನ್ನು ಮೇಲಿಡಿ. ಅಂಥ ಆಯ್ಕೆ ಇಲ್ಲದಿದ್ದರೆ ಇನ್ನೊಬ್ಬರ ಮೊಬೈಲಿನಲ್ಲಿ ಕಾರಿನ ಹೆಸರಿನ ಪುಟಕ್ಕೆ ಹೋಗಿ ಕರೆಯ ಸ್ವಿಚ್ಚನ್ನು ಮಾತ್ರ ಆಫ್ ಮಾಡಿ, ಹಾಡಿನದನ್ನು ಹಾಗೇ ಬಿಡಿ. ಭಾನುವಾರ ಸಿದ್ಧಗಂಗೆಗೆ ಒಟ್ಟಿಗೆ ಹೋಗುವಾಗ ಅವರ ಹಾಡೂ ಕೇಳಬಹುದು, ವಾರದ ದಿನ ಅವರ ಕರೆಯೂ ಕಾರಿಗೆ ಓಡುವುದಿಲ್ಲ.

ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಕೈಕೊಟ್ಟರೆ

ಮೊಬೈಲಿಗೆ ಹೊಸ ಅಪ್‌ಡೇಟ್ ಬಂದ ಮರುದಿನ ಇದು ಹೆಚ್ಚು. ಇಲ್ಲಿ ಬಹುತೇಕರು ಮೊಬೈಲಿನಿಂದ ಕಾರನ್ನು ಅಳಿಸಿ ಮತ್ತೆ ಜೋಡಿಸುತ್ತಾರೆ, ಆದರೂ ಆಗುವುದಿಲ್ಲ. ಏಕೆಂದರೆ ಜೋಡಣೆಯಾದಾಗ ಎರಡೂ ಕಡೆ ಒಂದೊಂದು ಗುಟ್ಟಿನ ಕೀಲಿ ಉಳಿದಿರುತ್ತದೆ. ಒಂದು ಕಡೆ ಮಾತ್ರ ಅಳಿಸಿದರೆ ಇನ್ನೊಂದು ಕಡೆ ಹಳೆಯ ಕೀಲಿ ಹಿಡಿದುಕೊಂಡೇ ಕಾಯುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಕಾರನ್ನು ಮರೆಸಿ, ಕಾರಿನಲ್ಲಿ ಮೊಬೈಲನ್ನು ಅಳಿಸಿ, ಎರಡನ್ನೂ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಆಮೇಲೆ ಮೊದಲಿನಿಂದ ಜೋಡಿಸಿ. ಕಾರನ್ನು ಆಫ್ ಮಾಡಿದ ಮೇಲೆ ಬಾಗಿಲು ತೆರೆದು ಮುಚ್ಚಿ, ಒಂದೆರಡು ನಿಮಿಷ ಕಾಯಿರಿ. ಕೆಲವು ಸ್ಟೀರಿಯೊಗಳು ಬಾಗಿಲು ತೆರೆಯುವವರೆಗೆ ನಿಜವಾಗಿ ಆರುವುದಿಲ್ಲ.

ಕಾರಿನ ಪಟ್ಟಿ ತುಂಬಿದ್ದರೂ ಹೊಸ ಮೊಬೈಲ್ ಸೇರುವುದಿಲ್ಲ. ಸ್ಟೀರಿಯೊಗಳು ನೆನಪಿಡುವುದು ಕೆಲವೇ ಸಾಧನಗಳನ್ನು. ಮದುವೆಗೆಂದು ಕಾರು ಕೊಟ್ಟಾಗ ಸೇರಿಕೊಂಡ ಭಾವಮೈದುನರ ಮೊಬೈಲುಗಳನ್ನೆಲ್ಲ ಅಳಿಸಿ.

ಹಾಡು ತುಂಡು ತುಂಡಾಗಿ ಬಂದರೆ ಮೊಬೈಲ್ ಎಲ್ಲಿದೆ ನೋಡಿ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ವೈಫೈಯ ಜೊತೆ ಜಾಗ ಹಂಚಿಕೊಂಡು. ಅಡ್ಡಿ ತಪ್ಪಿಸಿಕೊಳ್ಳಲು ಅದು 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ನೆಗೆಯುತ್ತದೆ. ಆದರೆ ನೀರಿನಂಶ ತುಂಬಿದ ನಮ್ಮ ದೇಹ ಆ ಅಲೆಯನ್ನು ಚೆನ್ನಾಗಿಯೇ ಹೀರುತ್ತದೆ. ಪ್ಯಾಂಟಿನ ಹಿಂಜೇಬಿನಲ್ಲಿ ಮೊಬೈಲ್ ಇಟ್ಟು ಅದರ ಮೇಲೆ ಕುಳಿತರೆ ಹಾಡು ತಡವರಿಸುವುದು ಸಹಜ. ಹೊರಗೆ ತೆಗೆದಿಡಿ, ಆದರೆ ಬಿಸಿಲಿಗೆ ಬೀಳುವ ಡ್ಯಾಶ್‌ಬೋರ್ಡ್ ಮೇಲಲ್ಲ. ಏಪ್ರಿಲ್‌ನಲ್ಲಿ ಪಾವಗಡದ ಕಡೆಗೆ ಹೋಗಿ ಬಂದವರಿಗೆ ಗೊತ್ತು, ಗಾಜಿನ ಹಿಂದೆ ಇಟ್ಟ ಮೊಬೈಲು ಕಾದು ತಾನೇ ಕೆಲಸ ನಿಲ್ಲಿಸುತ್ತದೆ. ಎಸಿ ಕಿಂಡಿಗೆ ಸಿಕ್ಕಿಸುವ ಹಿಡಿಕೆ ಒಳ್ಳೆಯದು.

ಬ್ಲೂಟೂತ್ ಇಲ್ಲದ ಹಳೆಯ ಕಾರಿಗೆ

ಸ್ಟೀರಿಯೊ ಬದಲಿಸಲೇಬೇಕೆಂದಿಲ್ಲ. ಹೆಡ್‌ಫೋನ್ ಪಿನ್ ಸಿಕ್ಕಿಸುವಂಥ ಆಕ್ಸ್ ತೂತು ಇದ್ದರೆ ಬೆರಳುದ್ದದ ಬ್ಲೂಟೂತ್ ರಿಸೀವರ್ ತಂದು ಸಿಕ್ಕಿಸಿ. ಅದನ್ನು ಕಾರಿನ ಚಾರ್ಜರ್‌ನಿಂದಲೇ ಚಾರ್ಜ್ ಮಾಡುತ್ತಾ ಕೇಳಿದರೆ ಕೆಲವೊಮ್ಮೆ ಆಕ್ಸಲರೇಟರ್ ಒತ್ತಿದಂತೆಲ್ಲ ಏರುವ ಒಂದು ಕೀರಲು ಸದ್ದು ಬರುತ್ತದೆ. ವಿದ್ಯುತ್ತಿನ ನೆಲಸಂಪರ್ಕ (ಗ್ರೌಂಡ್) ಎರಡು ಕಡೆಯಿಂದ ಸೇರಿದ್ದರಿಂದ ಬರುವ ಸದ್ದದು. ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಬನ್ನಿ, ಅಥವಾ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿಯನ್ನು ಹಾಕಿ.

ರೇಡಿಯೊ ಮಾತ್ರ ಇರುವ ಕಾರಿಗೆ ಎಫ್‌ಎಂ ಟ್ರಾನ್ಸ್‌ಮಿಟರ್ ಇದೆ. 12 ವೋಲ್ಟಿನ ಸಾಕೆಟ್ಟಿಗೆ ಚುಚ್ಚಿದರೆ ಮೊಬೈಲಿನ ಹಾಡನ್ನು ಸಣ್ಣ ರೇಡಿಯೊ ನಿಲಯದಂತೆ ಕಾರಿನೊಳಗೇ ಬಿತ್ತರಿಸುತ್ತದೆ. ಖಾಲಿ ಇರುವ ತರಂಗಾಂತರವೊಂದನ್ನು ಹುಡುಕಿ ಎರಡೂ ಕಡೆ ಅದನ್ನೇ ಇಟ್ಟರೆ ಸಾಕು. ಆದರೆ ತುಮಕೂರಿನಲ್ಲಿ ಖಾಲಿ ಕಂಡದ್ದು ಮುಂದೆ ಖಾಲಿ ಇರುವುದಿಲ್ಲ. ಊರಲ್ಲಿ ಹೊಂದಿಸಿಕೊಂಡು ಹೊರಟರೆ ದಾಬಸ್‌ಪೇಟೆ ದಾಟುತ್ತಿದ್ದಂತೆ ಹಾಡಿನ ಹಿಂದೆ ಯಾರೋ ಪಿಸುಗುಟ್ಟಲು ಶುರು ಮಾಡುತ್ತಾರೆ, ನೆಲಮಂಗಲಕ್ಕೆ ಬರುವ ಹೊತ್ತಿಗೆ ಬೆಂಗಳೂರಿನ ನಿಲಯವೊಂದರ ಜಾಹೀರಾತು ನಿಮ್ಮ ಹಾಡನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಬೆಂಗಳೂರಿನ ನಿಲಯಗಳು ಇರುವ 91.1, 93.5, 98.3, 101.3, 102.9, 104 ಇವುಗಳ ಹತ್ತಿರವೂ ಹೋಗದೆ, ಪಟ್ಟಿಯ ಕೆಳತುದಿಯ 87.5ರಿಂದ 88.5ರ ನಡುವೆ ಹುಡುಕಿ. ಎರಡು ತರಂಗಾಂತರಗಳನ್ನು ರೇಡಿಯೊದ ಗುಂಡಿಗಳಲ್ಲಿ ಮೊದಲೇ ಉಳಿಸಿಟ್ಟುಕೊಂಡರೆ ಒಂದು ಕೆಟ್ಟಾಗ ಇನ್ನೊಂದಿದೆ. ಟ್ರಾನ್ಸ್‌ಮಿಟರ್‌ನ ತರಂಗಾಂತರ ಬದಲಿಸುವುದನ್ನು ಮಾತ್ರ ಕಾರು ನಿಂತಾಗ ಮಾಡಿ.

ಕಾರು ಮಾರುವ ದಿನ

ನನ್ನ ಸ್ನೇಹಿತರೊಬ್ಬರು ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಸಂಜೆ ಜೋಡಿಸಿಕೊಡಲು ಕರೆದರು. ಪಟ್ಟಿ ತೆರೆದರೆ ನಾಲ್ಕು ಮೊಬೈಲುಗಳ ಹೆಸರಿತ್ತು. ಒಂದನ್ನು ಒತ್ತಿದಾಗ ಹಿಂದಿನ ಮಾಲೀಕರ ಸಂಪರ್ಕಗಳು ಇಡಿಯಾಗಿ ತೆರೆದುಕೊಂಡವು. ನೂರಾರು ಹೆಸರು, ಸಂಖ್ಯೆ, ಯಾರಿಗೆ ಯಾವ ದಿನ ಎಷ್ಟು ಗಂಟೆಗೆ ಕರೆ ಮಾಡಿದ್ದರು ಎಂಬುದೂ ಸೇರಿ. ಇಬ್ಬರಿಗೂ ಇರಿಸುಮುರಿಸಾಯಿತು, ಕೂಡಲೇ ಅಳಿಸಿದೆವು. ಮಾರುವವರಿಗೆ ಅದು ಅಲ್ಲಿದೆ ಎಂದೇ ಗೊತ್ತಿದ್ದಿರಲಾರದು.

ಮಾರುವ ಮೊದಲು, ಕೀಲಿ ಕೈ ಬಿಡುವ ಮೊದಲು, ಸ್ಟೀರಿಯೊ ಸೆಟ್ಟಿಂಗ್‌ನಲ್ಲಿ ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಆಯ್ಕೆಯನ್ನು ಒತ್ತಿ. ಮನೆ ಎಂದು ಉಳಿಸಿದ್ದ ವಿಳಾಸವೂ ಅದರೊಂದಿಗೆ ಹೋಗುತ್ತದೆ. ಆ ಆಯ್ಕೆ ಇಲ್ಲದ ಸ್ಟೀರಿಯೊ ಆದರೆ ಒಂದೊಂದೇ ಮೊಬೈಲನ್ನು ಅಳಿಸಿ, ಕೊನೆಗೆ ಸಂಪರ್ಕಗಳ ಪುಟವನ್ನೂ ಇತ್ತೀಚಿನ ಕರೆಗಳ ಪುಟವನ್ನೂ ತೆರೆದು ಖಾಲಿಯಾಗಿವೆಯೇ ಎಂದು ಕಣ್ಣಾರೆ ನೋಡಿ. ನಿಮ್ಮ ಮೊಬೈಲಿನಿಂದಲೂ ಆ ಕಾರಿನ ಹೆಸರನ್ನು ತೆಗೆಯಿರಿ.